ಎರಡು ಹಿಡಿ ರಾಗಿಹಿಟ್ಟು

ನನ್ನ ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿರುವುದು ಒಂದು ರೇಡಿಯೇಟರ್ ಮುಚ್ಚಳ. ಮನೆಗೆ ಬಂದವರು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಇದೇನ್ರೀ, ಕುಕ್ಕರಿನದಾ?" ಎನ್ನುತ್ತಾರೆ. ನಾನೂ ಹೌದು ಎಂದುಬಿಡುತ್ತೇನೆ. ಕುಕ್ಕರಿನದು ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕಾರಿನದು ಎಂದರೆ ಏನಾಗಿತ್ತು, ಯಾರು ರಿಪೇರಿ ಮಾಡಿದರು ಎಂದು ಬೆಳೆಯುತ್ತಾ ಹೋಗುತ್ತದೆ. ಆ ಕೊನೆಯ ಪ್ರಶ್ನೆಗೆ ಎದುರಿಗೆ ಕೂತವರ ಮುಖ ನೋಡಿಕೊಂಡು ಉತ್ತರ ಹೇಳುವ ಧೈರ್ಯ ನನಗಿಲ್ಲ. ನೀವಾದರೆ ಎದುರಿಗಿಲ್ಲ, ಹಾಗಾಗಿ ಹೇಳಿ ನೋಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಮಧುಗಿರಿಯಲ್ಲಿ, ಶಾಲೆ ಹೊಳವನಹಳ್ಳಿಯ ಆಚೆ. ದಿನವೂ ಕೊರಟಗೆರೆ ಹಾಯ್ದು ಹೋಗುವ ಬಸ್ಸುಗಳಲ್ಲಿ ನಿಂತು ನಿಂತು ಮಂಡಿ ಕೈಕೊಟ್ಟ ಮೇಲೆ ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡೆ. ನಮ್ಮ ಮನೆಗೆ ಬರುವ ಹೊತ್ತಿಗೇ ಅದು ಇನ್ನೊಬ್ಬರ ಮನೆಯಲ್ಲಿ ಅರ್ಧ ಆಯಸ್ಸು ಕಳೆದಿತ್ತು. "ನಿನಗಿಂತ ಮುಂಚೆ ಇದು ರಿಟೈರ್ ಆಗುತ್ತೆ ನೋಡು" ಎಂದು ನಮ್ಮ ಯಜಮಾನರು ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. ಅದು ರಿಟೈರ್ ಆಗದಂತೆ ನೋಡಿಕೊಂಡವನು ಮೆಕ್ಯಾನಿಕ್ ದಸ್ತಗೀರಣ್ಣ.

ದಸ್ತಗೀರಣ್ಣನ ಊರು ಶಿರಾ. ಮಧುಗಿರಿಯ ಅಂಚಿನಲ್ಲಿ, ಒಂದು ಹುಣಸೆಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷದಿಂದ ಒಬ್ಬನೇ ಕೆಲಸ ಮಾಡುತ್ತಿದ್ದ. ಅವನಿಗೆ ಬೋರ್ಡಿರಲಿಲ್ಲ. "ನಾನ್ ಕೈ ಹಾಕಿದ್ ಗಾಡಿ ಅದೇ ಕಂಪ್ಲೇಂಟ್‌ಗೆ ಇನ್ನೊಂದ್ ಸಲ ಬಂದಿಲ್ಲ ಮೇಡಂ. ಅದೇ ನನ್ ಬೋರ್ಡು" ಎನ್ನುತ್ತಿದ್ದ. ಹೇಳುವಾಗ ಜಂಬ ಇರುತ್ತಿರಲಿಲ್ಲ. ಅವನು ಯಂತ್ರವನ್ನು ಅರಿಯುತ್ತಿದ್ದದ್ದು ಮೂಗಿನಿಂದ ಮತ್ತು ಅಂಗೈಯಿಂದ. ಬಾನೆಟ್ ಎತ್ತಿದವನೇ ಒಮ್ಮೆ ಮೂಸುತ್ತಿದ್ದ, ಆಮೇಲೆ ರೇಡಿಯೇಟರಿನ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಮುಟ್ಟಿ ನೋಡುತ್ತಿದ್ದ. ಮೇಲಿನದು ಸುಡಬೇಕು, ಕೆಳಗಿನದು ಬೆಚ್ಚಗಿರಬೇಕು, ಅಷ್ಟಿದ್ದರೆ ಎಂಜಿನ್ನಿನ ಆರೋಗ್ಯ ಸರಿ ಎಂದು ನನಗೂ ಹೇಳಿಕೊಟ್ಟಿದ್ದ. ಕೊರೊನಾ ಬಂದು ಹೋದಾಗ ಅವನ ಮೂಗು ಹೋಯಿತು. ಎಲ್ಲರಿಗೂ ತಿಂಗಳೆರಡು ತಿಂಗಳಲ್ಲಿ ವಾಸನೆ ವಾಪಸು ಬಂದರೆ ಅವನಿಗೆ ಬರಲೇ ಇಲ್ಲ. "ಈಗ ನನಗೆ ಬಿರಿಯಾನಿನೂ ಒಂದೇ, ಗ್ರೀಸೂ ಒಂದೇ" ಎಂದು ನಗುತ್ತಿದ್ದ. ನಕ್ಕರೂ ಅವನಿಗೆ ಅದು ದೊಡ್ಡ ಪೆಟ್ಟು ಎಂದು ನನಗೆ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ಕಾರಿನ ವಾಟರ್ ಪಂಪು ಸೋರಿ ಎಂಜಿನ್ ಕಾಯತೊಡಗಿತು. ದಸ್ತಗೀರಣ್ಣ ಮೂರು ದಿನ ಇಟ್ಟುಕೊಂಡು ಹೊಸ ಪಂಪು ಹಾಕಿದ, ಪೈಪು ಬದಲಾಯಿಸಿದ, ರೇಡಿಯೇಟರ್ ಬಿಚ್ಚಿ ಅದರ ಒಂದೊಂದು ಕೊಳವೆಗೂ ಸಣ್ಣ ಕಡ್ಡಿ ತೂರಿಸಿ ತುಕ್ಕು ತೆಗೆದ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಮಹಿಮೆ ನಿಮಗೆ ಗೊತ್ತಲ್ಲ, ಸ್ನಾನದ ಹಂಡೆಯೊಳಗೇ ಸುಣ್ಣದ ಇನ್ನೊಂದು ಹಂಡೆ ಬೆಳೆಯುತ್ತದೆ. ಎಲ್ಲ ಮುಗಿಸಿ, ಕೂಲೆಂಟ್ ತುಂಬಿಸಿ, ಮುಚ್ಚಳ ಹಾಕಿ, ಅದರ ಮೇಲೆ ಕೆಂಪು ಪೇಂಟಿನ ಒಂದು ಚುಕ್ಕೆ ಇಟ್ಟ. "ಇದನ್ನ ಮಾತ್ರ ಮುಟ್ಬೇಡಿ ಮೇಡಂ. ಏನಾದ್ರೂ ಆದ್ರೆ ಒಂದ್ ಫೋನ್ ಮಾಡಿ, ಎಲ್ಲಿದ್ರೂ ಬರ್ತೀನಿ." ಆಗಲಿ ಎಂದೆ.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು, ಏಕೆಂದರೆ ಈ ಕೇಡಿನ ಬೇರು ಇರುವುದು ಅವನಲ್ಲಿ. ಪಾಪ, ಅವನ ತಪ್ಪೇನೂ ಇಲ್ಲ. ತಿಮ್ಮರಾಯಪ್ಪ ಮಾವ ಪಾವಗಡದವನು, ಪಾವಗಡದಿಂದ ಮಧುಗಿರಿಗೆ ಬರುವ ಒಂದು ಪ್ರೈವೇಟ್ ಬಸ್ಸಿನ ಡ್ರೈವರ್. ಬೇಸಿಗೆ ರಜಕ್ಕೆ ನಾನು ಅಜ್ಜಿಯ ಮನೆಗೆ ಹೋಗುತ್ತಿದ್ದದ್ದು ಅವನ ಪಕ್ಕದಲ್ಲಿ, ಎಂಜಿನ್ ಮುಚ್ಚಿದ ಪೆಟ್ಟಿಗೆಯ ಮೇಲೆ ಕೂತು. ಮಡಿಚಿದ ಗೋಣಿಚೀಲ ಹಾಸಿ ಕೂರಿಸುತ್ತಿದ್ದ. ಅದರ ಮೇಲೂ ಕಾವು ಹತ್ತಿ, ಪಾವಗಡ ಬರುವಷ್ಟರಲ್ಲಿ ಎಷ್ಟು ಸಲ ಕುಂಡೆ ಬದಲಾಯಿಸಿದೆ ಎಂದು ಲೆಕ್ಕ ಇಡುತ್ತಿದ್ದೆ. ಹಸಿ ಕಡಲೆಕಾಯಿ ತಂದವರು ಪೆಟ್ಟಿಗೆಯ ಅಂಚಿನಲ್ಲಿ ಒಂದು ಹಿಡಿ ಹರಡುತ್ತಿದ್ದರು. ಅದು ಹುರಿದಂತಾಗುತ್ತಿತ್ತೋ ಇಲ್ಲವೋ, ಡೀಸೆಲ್ ವಾಸನೆಯಂತೂ ಹತ್ತುತ್ತಿತ್ತು. ನನಗೆ ಈಗಲೂ ಡೀಸೆಲ್ ವಾಸನೆ ಇಲ್ಲದ ಕಡಲೆಕಾಯಿ ಸಪ್ಪೆ ಎನಿಸುತ್ತದೆ.

ಒಂದು ಸಲ ಏರಿನಲ್ಲಿ ಬಸ್ಸು ಹೊಗೆಯಾಡುತ್ತಾ ನಿಂತಿತು. ರೇಡಿಯೇಟರಿನಲ್ಲಿ ಸೂಜಿಯಷ್ಟು ತೂತು. ಮಾವ ಇಳಿದು ನೋಡಿ, ಮತ್ತೆ ಬಾಗಿಲಲ್ಲಿ ತಲೆ ಹಾಕಿ, ತನ್ನ ಅರ್ಧ ತೆಲುಗಿನಲ್ಲಿ ಕೇಳಿದ: "ಎವರಮ್ಮಾ, ಯಾರತ್ರ ಆದ್ರೂ ರಾಗಿ ಪಿಂಡಿ ಉಂದಾ? ಎರಡು ಹಿಡಿ ಇದ್ರೆ ಸಾಕು." ಮಿಲ್ಲಿಗೆ ಹೋಗಿ ಬರುತ್ತಿದ್ದ ಹೆಂಗಸೊಬ್ಬಳು ಡಬ್ಬದ ಬಾಯಿ ಬಿಚ್ಚಿ ಕೊಟ್ಟಳು. ಮಾವ ಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ, ಅಂಬಲಿಗೆ ಬಿಡುವ ಹಾಗೆ ರೇಡಿಯೇಟರಿಗೆ ಬಿಟ್ಟ. ಬಿಸಿಗೆ ಹಿಟ್ಟು ಬೆಂದು ತೂತಿಗೆ ಕೂತಿತು. ಬಸ್ಸು ಹೊರಟಾಗ ಜನ ಅವನನ್ನು ನೋಡಿದ ರೀತಿ ನೋಡಿ ನನಗೆ ಎದೆ ಉಬ್ಬಿಬಂತು. ಆ ಕಥೆಯನ್ನು ನಾನು ಟೀಚರಾದ ಮೇಲೆ ಪ್ರತಿ ವರ್ಷವೂ ಪಿಷ್ಟದ ಪಾಠ ಬಂದಾಗ ಹೇಳಿದ್ದೇನೆ. ಹೇಳಿ ಹೇಳಿ, ಕೊನೆಗೆ ಹಿಟ್ಟು ಕಲಸಿದ್ದು ನಾನೇ ಎನ್ನುವಷ್ಟು ಅಭ್ಯಾಸವಾಗಿತ್ತು.

ರಿಪೇರಿಯಾದ ಎರಡನೆಯ ದಿನ ಭಾನುವಾರ. ಪಾವಗಡದಲ್ಲಿ ನೆಂಟರ ಮಗುವಿಗೆ ನಾಮಕರಣ, ಯಜಮಾನರಿಗೆ ಜ್ವರ, ಒಬ್ಬಳೇ ಹೊರಟೆ. ಬಿಸಿಲಿಗೆ ಎಸಿ ಹಾಕಿಕೊಂಡು ಆರಾಮವಾಗಿ ಬಂದು ಮಿಡಿಗೇಶಿಯಲ್ಲಿ ಟೀಗೆ ನಿಲ್ಲಿಸಿದೆ. ಟೀ ಕುಡಿಯುತ್ತಾ ನೋಡುತ್ತೇನೆ, ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆ. ಹೋಟೆಲಿನ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ನನಗಿಂತ ಮುಂಚೆ ನೋಡಿದ್ದ.

"ರೇಡಿಯೇಟ್ರು ಹೋಗೈತೆ ಬುಡವ್ವ" ಎಂದ. "ಮನೇರಿಗೆ ಫೋನ್ ಮಾಡು. ಹೆಣ್ಮಕ್ಳ ಕೈಲಿ ಆಗೋ ಕೆಲ್ಸ ಅಲ್ಲ ಇದು."

ಆ ಮಾತೊಂದು ಬರದಿದ್ದರೆ ನಾನು ದಸ್ತಗೀರಣ್ಣನಿಗೆ ಫೋನ್ ಮಾಡುತ್ತಿದ್ದೆ. ಅವನು ಬರುತ್ತಿದ್ದ. ನೋಡಿ ನಗುತ್ತಿದ್ದ. ಆದರೆ ನನಗೆ ಎಲ್ಲಿಲ್ಲದ ರೋಷ ಬಂತು. ಪಿಷ್ಟದ ಪಾಠ ಮಾಡಿದವಳು, ತಿಮ್ಮರಾಯಪ್ಪನ ಸೋದರಸೊಸೆ, ನನಗೇ ಹೇಳುತ್ತಾನಲ್ಲ ಎಂದುಕೊಂಡು ನೇರ ಹೋಟೆಲಿನ ಒಳಗೆ ಹೋಗಿ ಎರಡು ಹಿಡಿ ರಾಗಿಹಿಟ್ಟು ಕೇಳಿದೆ.

"ಯಾಕಮ್ಮ, ರೋಡ್ನಾಗೆ ಮುದ್ದೆ ತಿರುವ್ತೀಯಾ?" ಎಂದಳು ಹೋಟೆಲಿನ ಹೆಂಗಸು. ಎಂದರೂ ಕೊಟ್ಟಳು.

ಎಂಜಿನ್ ಆರುವವರೆಗೆ ಕಾದು, ಸೆರಗು ಸುತ್ತಿ, ಕೆಂಪು ಚುಕ್ಕೆಯ ಮುಚ್ಚಳ ತಿರುಗಿಸಿದೆ. ಹಿಟ್ಟನ್ನು ಒಂದು ಗಂಟೂ ಇಲ್ಲದಂತೆ ಕಲಸಿ ಬಿಟ್ಟೆ. ಕಾರಿನ ಕೆಳಗೆ ನೋಡಿದರೆ ತೊಟ್ಟಿಕ್ಕುವುದು ನಿಂತಿತ್ತು. ಕಟ್ಟೆಯ ಮೇಲಿನ ಮುದುಕ ಎದ್ದು ಬಂದು ಬಗ್ಗಿ ನೋಡಿ, "ಪರವಾಗಿಲ್ಲ ಕಣವ್ವ" ಎಂದ. ಆ ಒಂದು ಮಾತನ್ನು ಪಾವಗಡದವರೆಗೂ ಬಾಯಲ್ಲಿ ಬೆಲ್ಲದ ಚೂರಿನಂತೆ ಇಟ್ಟುಕೊಂಡು ಹೋದೆ. ನಾಮಕರಣದಲ್ಲಿ ಮಗುವಿಗೆ ಏನು ಹೆಸರಿಟ್ಟರು ಎಂಬುದು ನನಗೆ ಇವತ್ತಿಗೂ ನೆನಪಿಲ್ಲ, ನಾನು ಎಲ್ಲರಿಗೂ ರಾಗಿಯ ಕಥೆ ಹೇಳುತ್ತಿದ್ದೆ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಉಷ್ಣತೆಯ ಮುಳ್ಳು ಏರಿತು. ನಿಲ್ಲಿಸಿದೆ, ಆರಿಸಿದೆ, ಹೊರಟೆ, ಮತ್ತೆ ಏರಿತು. ಎಸಿ ಆರಿಸಿ, ಕಿಟಕಿ ತೆಗೆದು, ಆ ಬಿಸಿಲಲ್ಲಿ ಎಂಜಿನ್ನಿನ ಕಾವಾದರೂ ತಗ್ಗಲಿ ಎಂದು ಹೀಟರ್ ಹಾಕಿಕೊಂಡು ಬೆವರು ಸುರಿಸುತ್ತಾ ಮನೆ ಮುಟ್ಟಿದೆ.

ಸೋಮವಾರ ದಸ್ತಗೀರಣ್ಣ ಕಾರನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಕೋಪ ಇರಲಿಲ್ಲ, ಆಶ್ಚರ್ಯ ಇತ್ತು. ತಾನು ಕೈ ಹಾಕಿದ ಗಾಡಿ ಅದೇ ಕಾಯಿಲೆ ಹೊತ್ತು ಮೊದಲ ಸಲ ಬಾಗಿಲಿಗೆ ಬಂದಿತ್ತು. "ಗಾಳಿ ಹಿಡ್ಕೊಂಡಿರ್ಬೇಕು ಮೇಡಂ" ಎಂದು ಪೈಪಿನಲ್ಲಿ ಸಿಕ್ಕಿದ ಗಾಳಿ ಬಿಟ್ಟ. ಬುಧವಾರ ಮುಳ್ಳು ಏರಿ ಮತ್ತೆ ಹೋದೆ. ಎಂಜಿನ್ ಬಿಸಿಯಾದಾಗ ನೀರು ಬಿಡುವ ಥರ್ಮೋಸ್ಟಾಟ್ ಬಿಚ್ಚಿ, ಎದುರು ಟೀ ಅಂಗಡಿಯ ಕುದಿಯುವ ನೀರಿಗೆ ಹಾಕಿ, ಅದು ಬಾಯಿ ತೆರೆಯುವವರೆಗೂ ಬಗ್ಗಿ ನಿಂತು ನೋಡಿದ. ಸರಿಯಾಗಿತ್ತು. ಫ್ಯಾನ್ ತಿರುಗುತ್ತಿತ್ತು, ಪಂಪು ನೀರು ತಳ್ಳುತ್ತಿತ್ತು. ರೇಡಿಯೇಟರ್ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ಅದರ ಕೊಳವೆಗಳನ್ನು ಅವನೇ ಒಂದೊಂದಾಗಿ ಸ್ವಚ್ಛ ಮಾಡಿದ್ದನಲ್ಲ.

ಮೂರನೆಯ ಸಲ ಹೋದಾಗ ತಳದವರೆಗೂ ನೀರು ಇಳಿಸಿದರೆ ಬೋಗುಣಿಯಲ್ಲಿ ಕಂದು ಬಣ್ಣದ ಗೊಜ್ಜಿನಂಥದ್ದು ಬಂತು. ದಸ್ತಗೀರಣ್ಣನ ಮುಖ ಇಳಿಯಿತು. ಎಂಜಿನ್ ಆಯಿಲ್ ನೀರಿಗೆ ಸೇರಿದರೂ ಇದೇ ಬಣ್ಣ, ಇದೇ ಗಟ್ಟಿ. ಹಾಗಾಗಿದ್ದರೆ ಎಂಜಿನ್ನಿನ ತಲೆಯ ಭಾಗವನ್ನೇ ಬಿಚ್ಚಬೇಕು.

"ನೀವೇನಾದ್ರೂ ಹಾಕಿದ್ರಾ ಮೇಡಂ ಇದಕ್ಕೆ?"

"ಇಲ್ಲಪ್ಪ. ಮುಚ್ಚಳ ಮುಟ್ಟೇ ಇಲ್ಲ ನಾನು."

ಎಷ್ಟು ಸಲೀಸಾಗಿ ಬಂತು ನೋಡಿ. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು, ಅವರಲ್ಲೊಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ. ಅವರ ಮುಂದೆ ವಿಜ್ಞಾನದ ಟೀಚರು ಕಾರಿಗೆ ಅಂಬಲಿ ಕುಡಿಸಿದ್ದೇನೆ ಎಂದು ಹೇಗೆ ಹೇಳಲಿ? ಅವರು ಹೋದ ಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ದಸ್ತಗೀರಣ್ಣ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖದ ಹತ್ತಿರ ತಂದ.

"ನನಗೆ ವಾಸ್ನೆ ಬರಲ್ಲ ಅಂತ ಗೊತ್ತಲ್ಲ ನಿಮಗೆ. ನೀವೇ ಒಂಚೂರು ಮೂಸಿ ನೋಡಿ ಮೇಡಂ. ಸುಟ್ಟ ಆಯಿಲ್ ವಾಸ್ನೆನಾ? ನೀವ್ ಹೆಂಗೇಳ್ತೀರೋ ಹಂಗೆ."

ಮೂಸಿದೆ. ನಮ್ಮ ಅಜ್ಜಿಯ ಮನೆಯ ಬೆಳಗಿನ ಅಂಬಲಿಯ ವಾಸನೆ, ಸ್ವಲ್ಪ ಹುಳಿ ಹತ್ತಿದ್ದು. ನಮ್ಮ ಸೀಮೆಯಲ್ಲಿ ಮೂಗಿರುವ ಯಾವ ಮಗುವೂ ಅದನ್ನು ತಪ್ಪು ಹೇಳುವುದಿಲ್ಲ. ಆಗಲೇ ಇಲ್ಲ ಎಂದು ಹೇಳಿ ಆಗಿತ್ತು, ಈಗ ರಾಗಿ ಎಂದರೆ ಒಂದು ನಿಮಿಷದ ಹಿಂದಿನ ಸುಳ್ಳೂ ಜೊತೆಗೆ ಹೊರಬೀಳುತ್ತದೆ. ಅವನು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ.

"ಆಯಿಲ್ ತರಾನೇ ಇದೆ" ಎಂದೆ.

ಅವನು ಬೋಗುಣಿ ಕೆಳಗಿಟ್ಟು, "ಹಂಗಾದ್ರೆ ನನ್ ಕೈಯಲ್ಲೇ ಏನೋ ಫರಕ್ ಆಗೈತೆ" ಎಂದ. ನಾನು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಮೂವತ್ತು ವರ್ಷ ಮಕ್ಕಳಿಗೆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಅಳತೆ ತಪ್ಪಿದರೆ ತಪ್ಪಿತು ಎಂದು ಬರೆಯಿರಿ ಎಂದು ಪಾಠ ಹೇಳಿದವಳು ನಾನು.

ಒಂದು ವಾರ ಅವನು ಬೇರೆ ಗಾಡಿ ಮುಟ್ಟದೆ ನನ್ನ ಕಾರಿನ ಎಂಜಿನ್ ಬಿಚ್ಚಿದ. ತಲೆಯ ಭಾಗವನ್ನು ತುಮಕೂರಿಗೆ ಹೊತ್ತುಕೊಂಡು ಹೋಗಿ ಸಮ ಮಾಡಿಸಿಕೊಂಡು ಬಂದ. ಆಯಿಲ್ಲೂ ನೀರೂ ಬೆರೆಯದಂತೆ ನಡುವೆ ತಡೆಯುವ ಹಳೆಯ ಗ್ಯಾಸ್ಕೆಟ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲವಂತೆ. ಅದನ್ನು ಬಿಸಿಲಿಗೆ ಹಿಡಿದು ನನಗೂ ತೋರಿಸಿದ, "ಇದು ಸರಿ ಐತೆ ಮೇಡಂ, ಆದ್ರೂ ಆಯಿಲ್ ಹೆಂಗೆ ಹೋಯ್ತು" ಎಂದು ತನ್ನನ್ನೇ ಕೇಳಿಕೊಂಡ. ಆಗಲಾದರೂ ಹೇಳಬಹುದಿತ್ತು. ದಿನವೂ ಶಾಲೆಯಿಂದ ಬರುವಾಗ ಇವತ್ತು ಹೇಳುತ್ತೇನೆ ಎಂದು ಬಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಶೆಡ್ಡಿನಲ್ಲಿ ನೆಲದ ಮೇಲೆ ಹರಡಿದ ಬೋಲ್ಟುಗಳನ್ನು ನೋಡಿದ ಮೇಲೆ ಕೆಲಸ ಎಲ್ಲಿಗೆ ಬಂತು ಎಂದಷ್ಟೇ ಕೇಳಿ ಮನೆಗೆ ಬರುತ್ತಿದ್ದೆ. ಅವನು ಬಿಚ್ಚಿದ ಒಂದೊಂದು ಬೋಲ್ಟಿಗೂ ನನ್ನ ತಪ್ಪಿನ ತೂಕ ಹೆಚ್ಚುತ್ತಾ ಹೋಯಿತು.

ಎಲ್ಲ ಜೋಡಿಸಿ ಕೊಟ್ಟ ಮರುದಿನ ಕೊರಟಗೆರೆ ದಾಟುವ ಮೊದಲೇ ಮುಳ್ಳು ಕೆಂಪಿಗೆ ಹೋಯಿತು. ಫೋನ್ ಮಾಡಿದೆ. ಬೈಕಿನಲ್ಲಿ ಬಂದ. ಮೇಲಿನ ಪೈಪು ಮುಟ್ಟಿದ, ಕೆಳಗಿನ ಪೈಪು ಮುಟ್ಟಿದ, ಮತ್ತೆ ಮೇಲಿನದು ಮುಟ್ಟಿದ. ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತನ್ನ ಎರಡು ಅಂಗೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡ.

"ಮೂಗು ಹೋದಾಗ ಕೈ ಐತಲ್ಲ ಅಂದ್ಕೊಂಡಿದ್ದೆ" ಎಂದ. "ಈಗ ಕೈಗೂ ಗೊತ್ತಾಗ್ತಾ ಇಲ್ಲ ಮೇಡಂ. ನೀವು ಬೇರೆಯೋರ್ ಹತ್ರ ತೋರ್ಸಿ."

ಕೊರಟಗೆರೆಯಲ್ಲೇ ಒಬ್ಬ ಮೆಕ್ಯಾನಿಕ್ ಇದ್ದ. ಅವನು ಮುಚ್ಚಳ ತೆಗೆದು ಮೂಸಿದ ಕೂಡಲೇ ನಕ್ಕ. "ಯಾವನೋ ರಾಗಿ ಹಾಕವ್ನೆ ಕಣಕ್ಕ. ಹಳೇ ಬಸ್ಸಿಗಾದ್ರೆ ನಡೀತಿತ್ತು, ಈ ಗಾಡಿ ಕೊಳವೆ ಬೆಂಕಿಕಡ್ಡಿ ಗಾತ್ರ. ಒಳಗೆಲ್ಲಾ ಮೆತ್ಕೊಂಡೈತೆ." ಬೇರೆ ರೇಡಿಯೇಟರ್ ಹಾಕಿದ, ಹಳೆಯದು ಗುಜರಿಗೆ ಹೋಯಿತು, ಅದರ ಮುಚ್ಚಳ ಮಾತ್ರ ನಾನು ಕೇಳಿ ತಂದುಕೊಂಡೆ. ಹೊರಡುವಾಗ ಕಾರಿನ ಕೆಳಗೆ ಮತ್ತೆ ತೊಟ್ಟಿಕ್ಕುವುದನ್ನು ಕಂಡು ಬೆಚ್ಚಿ ತೋರಿಸಿದರೆ ಅವನು ಬಗ್ಗಿ ಕೂಡ ನೋಡಲಿಲ್ಲ. "ಅದು ಎಸಿ ನೀರಕ್ಕ. ಎಸಿ ಹಾಕಿದ್ರೆ ಬರ್ತದೆ, ಆರ್ಸಿದ್ರೆ ಸ್ವಲ್ಪ ಹೊತ್ತಿಗೆ ನಿಲ್ತದೆ."

ತಣ್ಣನೆಯ ಲೋಟದ ಹೊರಮೈಯಲ್ಲಿ ನೀರು ಏಕೆ ಕೂರುತ್ತದೆ ಎಂದು ನಾನು ಎಂಟನೆಯ ಕ್ಲಾಸಿಗೆ ಕಲಿಸುತ್ತೇನೆ. ಮಿಡಿಗೇಶಿಯಲ್ಲಿ ಏನೂ ಸೋರಿರಲಿಲ್ಲ. ದಸ್ತಗೀರಣ್ಣನ ಕೆಲಸದಲ್ಲಿ ಒಂದು ಎಳೆಯಷ್ಟೂ ಕೊರತೆ ಇರಲಿಲ್ಲ. ಆವತ್ತು ಕಾರಿನಲ್ಲೇ ಕೂತು ಅತ್ತೆ.

ಅತ್ತವಳು ನೇರ ಅವನ ಶೆಡ್ಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಪರೀಕ್ಷೆ, ಪೇಪರು, ಮದುವೆ, ಮುಂಜಿ ಎಂದು ನೆಪ ಹುಡುಕಿಕೊಂಡು, ಬೇರೆ ರಸ್ತೆಯಲ್ಲಿ ಓಡಾಡಿಕೊಂಡು ಎರಡು ತಿಂಗಳು ಕಳೆದೆ. ಒಂದು ಸಂಜೆ ಯಜಮಾನರು ಬಂದು, "ನಿಮ್ಮ ದಸ್ತಗೀರಣ್ಣ ಎಂಜಿನ್ ಕೆಲಸ ಬಿಟ್ಟನಂತಲ್ಲ, ಬರೀ ಪಂಕ್ಚರ್ ಹಾಕ್ತಾ ಕೂತಿದಾನೆ" ಎಂದರು. "ನಿನ್ನ ಕಾರು ಅವನ ಕೈಲಿ ಸರಿಹೋಗ್ಲಿಲ್ಲ, ಕೊರಟಗೆರೆಯಲ್ಲಿ ಒಂದೇ ದಿನಕ್ಕೆ ಸರಿಹೋಯ್ತು ಅಂತ ಊರೆಲ್ಲ ಮಾತಾಡ್ಕೋತಿದೆ."

ಮರುದಿನ ಹೋದೆ. ಸ್ಪ್ಯಾನರುಗಳು ಗೋಡೆಯ ಮೇಲೆ ಇರಲಿಲ್ಲ, ಮೊಳೆಗಳಷ್ಟೇ ಇದ್ದವು. ದಸ್ತಗೀರಣ್ಣ ಸ್ಟೂಲಿನ ಮೇಲೆ ಕೂತು ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ನನ್ನನ್ನು ಕಂಡು ಎದ್ದ, ಟೀ ತರಿಸಿದ. ನಾನು ಟೀ ಮುಟ್ಟದೆ ಎಲ್ಲವನ್ನೂ ಹೇಳಿದೆ. ಮಿಡಿಗೇಶಿ, ಹೋಟೆಲು, ಎರಡು ಹಿಡಿ ಹಿಟ್ಟು, ಕೆಂಪು ಚುಕ್ಕೆಯ ಮುಚ್ಚಳ, ಬೋಗುಣಿ, ನಾನು ಮೂಸಿ ಹೇಳಿದ ಸುಳ್ಳು. ಅವನು ಪೂರ್ತಿ ಕೇಳಿಸಿಕೊಂಡ. ಬೈಯುತ್ತಾನೆ, ಬೈಯಲಿ, ಆಮೇಲೆ ಸ್ಪ್ಯಾನರುಗಳು ಮತ್ತೆ ಗೋಡೆಗೆ ಬರುತ್ತವೆ ಎಂದು ಕಾದೆ.

ಅವನು ನಕ್ಕ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ನನ್ ಮನ್ಸಿಗೆ ನೋವಾಗ್ಬಾರ್ದು ಅಂತ ಇಷ್ಟೆಲ್ಲಾ ಕಥೆ ಕಟ್ಕೊಂಡ್ ಬಂದಿದೀರಲ್ಲ ಮೇಡಂ. ಯಾರ್ ಮಾಡ್ತಾರೆ ಈ ಕಾಲದಲ್ಲಿ."

"ಕಟ್ಟಿದ್ದಲ್ಲ ದಸ್ತಗೀರಣ್ಣ. ನಿಜ. ಕೊರಟಗೆರೆಯವನನ್ನ ಬೇಕಾದ್ರೆ ಕೇಳು."

"ಅವನಿಗೂ ಹೇಳ್ಕೊಟ್ಟಿರ್ತೀರಾ ನೀವು" ಎಂದ, ಇನ್ನೂ ನಗುತ್ತಲೇ. "ಸೈನ್ಸ್ ಟೀಚರು ಗಾಡಿಗೆ ರಾಗಿ ಹಾಕ್ತಾರಾ? ಹನ್ನೆರಡು ವರ್ಷದಿಂದ ನೋಡ್ತಿದೀನಿ, ನಿಮಗೆ ಸುಳ್ಳು ಹೇಳಾಕೆ ಬರಲ್ಲ ಮೇಡಂ. ಅವತ್ತು ಮೂಸಿ ಆಯಿಲ್ ಅಂದ್ರಲ್ಲ, ಅದೇ ನಿಜ. ನಂದೇ ಕೈ ಹೋಗಿತ್ತು, ಬುಡಿ."

ನಾನು ಆಣೆ ಇಟ್ಟೆ, ಕೂಗಾಡಿದೆ. ಕೂಗಿದಷ್ಟೂ ಅವನಿಗೆ ನನ್ನ ಮೇಲಿನ ಗೌರವ ಹೆಚ್ಚುತ್ತಾ ಹೋದದ್ದು ಕಣ್ಣಿಗೆ ಕಾಣುತ್ತಿತ್ತು. ಕೊನೆಗೆ ಅವನು ಒಳಗೆ ಹೋಗಿ ಒಂದು ಸೀಮೆಸುಣ್ಣದ ತುಂಡು ತಂದ.

"ಒಂದ್ ಉಪಕಾರ ಮಾಡಿ ಮೇಡಂ. ಇನ್ನೂ ಜನ ಎಂಜಿನ್ ಕೆಲ್ಸಕ್ಕೆ ಅಂತ ಬಂದು ಕೇಳ್ತಾರೆ. ಇಲ್ಲ ಅನ್ನೋಕೆ ನನಗೆ ಆಗಲ್ಲ. ನಿಮ್ಮ ಅಕ್ಷರ ಚೆನ್ನಾಗೈತೆ. ಈ ಬಾಗಿಲ ಮೇಲೆ, ಇಲ್ಲಿ ಬರೀ ಪಂಕ್ಚರ್, ಎಂಜಿನ್‌ಗೆ ಕೊರಟಗೆರೆಗೆ ಹೋಗಿ ಅಂತ ಬರ್ಕೊಡಿ."

ತಗಡಿನ ಬಾಗಿಲ ಮುಂದೆ ನಿಂತು, ಶಾಲೆಯ ಬೋರ್ಡಿನ ಮೇಲೆ ಬರೆಯುವ ಹಾಗೆ, ದುಂಡಗೆ, ದೂರಕ್ಕೂ ಕಾಣುವಂತೆ ಬರೆದುಕೊಟ್ಟೆ.